ತಲೆಕೂದಲಲ್ಲ, ಗಡ್ಡ

"ಅಯ್ಯಯ್ಯೋ, ಚುಚ್ತು!" ಎಂದು ಕ್ಷೌರಿಕ ಕೂಗಿದ ಕೂಗಿಗೆ ಕುರ್ಚಿಯಲ್ಲಿದ್ದ ಮೇಷ್ಟ್ರು ಕೆನ್ನೆಯ ನೊರೆ ಸಮೇತ ಎದ್ದು ನಿಂತರು. ಕತ್ತಿ ತಮಗೇ ತಗುಲಿತೆಂದು ಕತ್ತು ಮುಟ್ಟಿ ನೋಡಿಕೊಂಡರು. ರಕ್ತವಿರಲಿಲ್ಲ. ಕ್ಷೌರಿಕ ಮಾತ್ರ ಒಂಟಿಕಾಲಲ್ಲಿ ಕುಣಿಯುತ್ತಾ, "ಲೇ, ಬಾರೇ ಇಲ್ಲಿ! ಕಾಲಿಗೆ ಚುಚ್ತು ಕಣೇ!" ಎಂದು ಅಂಗಡಿಯ ಹಿಂದಿದ್ದ ಮನೆಯತ್ತ ಕೂಗುತ್ತಿದ್ದ. ಮುಖದ ತುಂಬ ನಗು.

"ಚುಚ್ಚಿದ್ದಕ್ಕೆ ಇಷ್ಟು ಸಂಭ್ರಮಾನಾ?" ಎಂದರು ಮೇಷ್ಟ್ರು.

ಸಂಭ್ರಮವಲ್ಲದೆ ಮತ್ತೇನು? ಕಳೆದ ವರ್ಷ ಬ್ಲೇಡಿನ ಚೂರೊಂದು ಇದೇ ಅಂಗಾಲಿಗೆ ಹೊಕ್ಕಾಗ ಅವನಿಗೆ ಗೊತ್ತೇ ಆಗಿರಲಿಲ್ಲ. ನೆಲದ ಮೇಲಿನ ರಕ್ತ ನೋಡಿ ಗಿರಾಕಿಯೊಬ್ಬರು ಹೇಳಬೇಕಾಯಿತು. ಸಕ್ಕರೆ ಕಾಯಿಲೆ ಕಾಲಿನ ನರಗಳಿಗೆ ಇಳಿದಿದೆ, ಹೀಗೇ ಬಿಟ್ಟರೆ ಕಾಲೇ ಹೋಗುತ್ತದೆ ಎಂದರು ಡಾಕ್ಟರು. ನಿಂತೇ ದುಡಿಯುವವನಿಗೆ ಕಾಲು ಹೋದರೆ ಉಳಿಯುವುದೇನು? ಹೆದರಿ ಕೆಲವು ದಿನ ಮಾತ್ರೆಯನ್ನು ತಪ್ಪದೆ ನುಂಗಿದ.

ಆದರೆ ಗಾಯ ಮಾಯ್ದದ್ದೇ ತಡ, ಮತ್ತೆ ಹಳೆಯ ಚಾಳಿ. ಮಾತ್ರೆ ಡಬ್ಬಿ ತುಂಬ ಇತ್ತು, ದಿನಾ ನುಂಗುವವನು ಮಾತ್ರ ಇವನಲ್ಲ. ಅವನ ಲೆಕ್ಕಾಚಾರವೇ ಬೇರೆ. ತಲೆಕೂದಲನ್ನು ಬೆಳೆದಾಗ ತಾನೇ ಕತ್ತರಿಸುವುದು? ಹಾಗೆಯೇ ಸಕ್ಕರೆ ಏರಿದಾಗ ಮಾತ್ರೆ ನುಂಗುವುದು, ಇಳಿದರೆ ಬಿಡುವುದು. ಇದನ್ನು ಗಿರಾಕಿಗಳಿಗೂ ಉಪದೇಶಿಸುತ್ತಿದ್ದ, ಪುಣ್ಯಾತ್ಮ!

ಹೆಂಡತಿ ಅತ್ತಳು, ಬೈದಳು, ಮಾತು ಬಿಟ್ಟಳು. ಯಾವುದೂ ನಾಟಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವನು ಮುಖಕ್ಕೆ ನೊರೆ ಹಚ್ಚಿಕೊಳ್ಳುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತಳು.

"ನಿನ್ನೆ ತಾನೇ ಗಡ್ಡ ತೆಗೆದ್ರಲ್ಲ, ಇವತ್ತು ಯಾಕೆ ಮತ್ತೆ?"

"ತಲೆ ಕೆಟ್ಟಿದ್ಯಾ ನಿಂಗೆ? ದಿನಾ ಬೆಳೆಯುತ್ತೆ, ದಿನಾ ತೆಗೀಬೇಕು."

"ಸಕ್ಕರೆ ತಲೆಕೂದಲಲ್ಲ ಕಣ್ರೀ, ಗಡ್ಡ."

ಕೈಯಲ್ಲಿದ್ದ ಬ್ರಶ್ಶು ಕೆನ್ನೆಯ ಮೇಲೇ ನಿಂತಿತು. ಡಾಕ್ಟರು ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವನಿಗೆ ಇದೊಂದು ಮಾತು ನೇರ ತಲೆಗೆ ಹೋಯಿತು. ಅಂದೇ ಮಾತ್ರೆಯ ಡಬ್ಬಿ ಸೋಪಿನ ಬಟ್ಟಲ ಪಕ್ಕಕ್ಕೆ ಬಂತು. ತಿಂಡಿ, ಮಾತ್ರೆ, ಗಡ್ಡ, ಆಮೇಲೆ ಅಂಗಡಿ. ಒಂದು ದಿನವೂ ತಪ್ಪಲಿಲ್ಲ. ಕಾಲಿಗೆ ಸ್ಪರ್ಶಜ್ಞಾನ ಮರಳುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಇನ್ನಷ್ಟು ಕೆಡದಿದ್ದರೆ ಅದೇ ದೊಡ್ಡದು ಎಂದಿದ್ದರು.

ಈಗ ಹೆಂಡತಿ ಒದ್ದೆಗೈಯಲ್ಲೇ ಓಡಿ ಬಂದಳು. ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ಶೂ ಕಳಚಿ, ಕಾಲುಚೀಲ ತೆಗೆದು, ಪಾದವನ್ನು ಮಡಿಲಲ್ಲಿಟ್ಟುಕೊಂಡಳು. ಯಾರದೋ ತಲೆಯ ಗಡಸು ಕೂದಲಿನ ತುಂಡೊಂದು ಅದು ಹೇಗೋ ಶೂನೊಳಗೆ ನುಸುಳಿ ಅಂಗಾಲಿಗೆ ನೆಟ್ಟುಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದಳು.

"ಸ್ಸ್... ಮೆಲ್ಲಗೆ ಕಣೇ, ನೋಯುತ್ತೆ!"

"ಏನಂದ್ರಿ?"

"ನೋಯುತ್ತೆ ಅಂದೆ."

"ಇನ್ನೊಂದ್ಸಲ ಹೇಳಿ."

"ನೋಯುತ್ತೆ ಮಹರಾಯ್ತಿ, ನೋಯುತ್ತೆ!"

ಕೂದಲು ಆಗಲೇ ಹೊರಬಂದಿತ್ತು. ಆದರೂ ಅವಳು ಪಾದ ಬಿಡಲಿಲ್ಲ. ಅಂಗಾಲಿನ ಮೇಲೆ ಬೆರಳಾಡಿಸಿದಳು. ಅವನು ಕಚಗುಳಿ ತಾಳಲಾರದೆ ಕಾಲೆಳೆದುಕೊಂಡ, ಅವಳು ಮತ್ತೆ ಹಿಡಿದೆಳೆದಳು. ಇಬ್ಬರಿಗೂ ನಗು ನಿಲ್ಲಲೊಲ್ಲದು, ಅವಳ ಕಣ್ಣೀರೂ ನಿಲ್ಲಲೊಲ್ಲದು. ಅರ್ಧ ಗಡ್ಡದ ಮೇಷ್ಟ್ರು ಕುರ್ಚಿಯನ್ನು ಸದ್ದಿಲ್ಲದೆ ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತರು. ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು.