ಸೋಸಿದ ಗಾಳಿ

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದ ದಿನ ನನ್ನ ಮಗಳು ಅನುಜಾ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಅಳುವ ಮಕ್ಕಳನ್ನು ಸಮಾಧಾನ ಮಾಡುವುದು ನನಗೆ ಗೊತ್ತು, ಒಂದು ಪೊಟ್ಟಣ ಭಡಂಗ, ಅಂದರೆ ಖಾರದ ಚುರುಮುರಿ, ಕೊಡಿಸಿದರೆ ಮುಗಿಯಿತು. ಇವಳು ಅಂಕಪಟ್ಟಿಯನ್ನು ಮಡಚಿ ಕಪಾಟಿನಲ್ಲಿಟ್ಟು, ಮಾಳಿಗೆಯ ಕೋಣೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಡಾಕ್ಟರಾಗಬೇಕೆಂದು ಚಿಕ್ಕಂದಿನಿಂದ ಹಟ ಹಿಡಿದಿದ್ದ ಹುಡುಗಿ. ಮಿರಜದ ಮೆಡಿಕಲ್ ಕಾಲೇಜಿನ ಮುಂದೆ ಬಸ್ಸು ಹೋಗುವಾಗ ಮಾತು ನಿಲ್ಲಿಸಿ ಕಿಟಕಿಯಿಂದ ನೋಡುತ್ತಿದ್ದವಳು. ಆ ಬಾಗಿಲು ಮುಚ್ಚಿತು, ಅದರ ಜೊತೆಗೆ ಅವಳ ಬಾಯಿಯೂ ಮುಚ್ಚಿತು.

ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ನನ್ನದು ದಲಾಲಿ ಅಂಗಡಿ. ರೈತರ ಮುಂದೆ ಒಂದು ಮಾತು, ವ್ಯಾಪಾರಿಗಳ ಮುಂದೆ ಇನ್ನೊಂದು ಮಾತು, ದಿನವೆಲ್ಲ ಬಾಯಿ ಬಡಿದುಕೊಂಡೇ ಹೊಟ್ಟೆ ಹೊರೆಯುವವನು ನಾನು. ಅಂಥವನು ಮಗಳ ಕೋಣೆಯ ಬಾಗಿಲಲ್ಲಿ ನಿಂತರೆ ನಾಲಿಗೆ ಏಳುತ್ತಿರಲಿಲ್ಲ. ಹೆಂಡತಿ ತಾಟು ಒಯ್ದಿಟ್ಟು ತುಂಬಿದ ತಾಟನ್ನೇ ತಿರುಗಿ ತರುತ್ತಿದ್ದಳು. ಹುಡುಗಿ ಕೈಬಿಟ್ಟು ಹೋಗುತ್ತಾಳೇನೋ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಹೇಗೋ ಒತ್ತಾಯ ಮಾಡಿ ಅವಳನ್ನು ಮಾಧವನಗರಕ್ಕೆ, ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ತಂಗಿಯ ಮಗ ಕಂಪ್ಯೂಟರಿನ ಮೇಲೆ ಮೋಟಾರು ಓಡಿಸುವ ಆಟ ಆಡುತ್ತಿದ್ದ. ಅನುಜಾ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಅವನನ್ನು ಸರಿಸಿ ತಾನೇ ಕುಳಿತಳು. ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಹೊರಗಿನಿಂದ ಒಂದು ನಗು ಕೇಳಿಸಿತು. ಕಪ್ಪು-ಬಸಿಯನ್ನು ಕೆಳಗಿಟ್ಟು, "ಇಂಥಾದ್ದ ಒಂದು ನಮ್ಮ ಮನಿಗೂ ಬೇಕು" ಎಂದೆ. ತಂಗಿ ನನ್ನನ್ನು ಹುಚ್ಚನೆಂದಳು.

ಆಗ ಮಿರಜದಲ್ಲಿ ಔಷಧ ಅಂಗಡಿಗಳ ನಡುನಡುವೆ ಕಂಪ್ಯೂಟರ್ ಅಂಗಡಿಗಳು ಏಳುತ್ತಿದ್ದ ಕಾಲ. ಸ್ಟೇಷನ್ನಿನ ಹತ್ತಿರ ಅಜಿತನೆಂಬ ತರುಣನ ಅಂಗಡಿಯಿತ್ತು. ಪೆಟ್ಟಿಗೆಯೊಂದು, ಬೋರ್ಡೊಂದು, ಒಂದೊಂದು ಸಾಮಾನೂ ಬೇರೆಬೇರೆ ಆರಿಸಿ ತಂದರೆ ಆಟಕ್ಕೆ ತಕ್ಕ ಯಂತ್ರವನ್ನು ಮನೆಯಲ್ಲೇ ಜೋಡಿಸಬಹುದು ಎಂದು ಅನುಜಾಳೇ ಪುಸ್ತಕ ಓದಿ ತಿಳಿದುಕೊಂಡಿದ್ದಳು. ಮುರಿದು ಒಳಗಿನ ಬಣ್ಣ ನೋಡದೆ ಒಂದು ಚೀಲ ಅರಿಶಿನವನ್ನೂ ಎತ್ತಿದವನಲ್ಲ ನಾನು. ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

"ಕಾಕಾ, ಇದೇನ ಅರಶಿಣ ಕೊಂಬ ಅಲ್ರಿ, ಮುರದ ನೋಡಾಕ" ಎಂದ ಅಜಿತ.

ಅನುಜಾ ನಕ್ಕಳು. ಆಮೇಲೆ ನನಗೆ ಪಾಠ ಹೇಳಿದಳು. "ಪಪ್ಪಾ, ಇದು ಭಾಳ ಕಾಯ್ತೈತಿ. ಮುಂದಿಂದ ಥಂಡ ಹವಾ ಒಳಗ ಬರಬೇಕು, ಹಿಂದಿಂದ ಬಿಸಿ ಹವಾ ಹೊರಗ ಹೋಗಬೇಕು. ಹವಾ ನಿಂತ್ರ ಕಾರ್ಡ್ ಖಲಾಸ."

ಅದಕ್ಕೇ ದೊಡ್ಡ ಫ್ಯಾನುಗಳಿದ್ದ, ಮುಂಭಾಗವೆಲ್ಲ ಜಾಲರಿಯೇ ಆಗಿದ್ದ ಪೆಟ್ಟಿಗೆಯನ್ನು ಹುಡುಕಿ ತಂದೆವು. ಒಂದೇ ಸಲಕ್ಕೆ ಎಲ್ಲ ಸಿಗಲಿಲ್ಲ. ಪುಣೆಯಿಂದ ಬರಬೇಕಾದ ಕಾರ್ಡು ತಡವಾಯಿತು, ಬಂದ ಬೋರ್ಡು ಸರಿಹೊಂದಲಿಲ್ಲ. ನನಗೆ ಒಳಗೊಳಗೇ ಖುಷಿ. ತಡವಾದಷ್ಟೂ ನಾವಿಬ್ಬರೂ ಮತ್ತೆ ಮಿರಜದ ಬಸ್ಸು ಹತ್ತುತ್ತಿದ್ದೆವು, ಅವಳು ಮತ್ತೆ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಒಂದು ಭಾನುವಾರ ಮಾಳಿಗೆಯ ಕೋಣೆಯಲ್ಲಿ ಚಾಪೆ ಹಾಸಿ, ಅವಳು ಡಾಕ್ಟರಂತೆ ಕೈ ಚಾಚಿ "ಸ್ಕ್ರೂ" ಎನ್ನುವುದು, ನಾನು ಕೊಡುವುದು, ಹೀಗೆ ಎಲ್ಲವನ್ನೂ ಕೂಡಿಸಿದೆವು. ಪರದೆ ಬೆಳಗಿದಾಗ ಅವಳು ನನ್ನ ಕೊರಳಿಗೆ ಬಿದ್ದಳು. ಕಳೆದುಹೋದ ಮಗಳು ಸಿಕ್ಕಳು ಎಂದು ನನ್ನ ಕಣ್ಣು ತುಂಬಿತು. ಮೂಗು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಇಷ್ಟಾದ ಮೇಲೆ ಮಳೆ ಹಿಡಿಯಿತು. ನಮ್ಮ ಜೈನರ ಚಾತುರ್ಮಾಸ ಬಂತು. ನಮ್ಮ ಅವ್ವ ಇಂದುಬಾಯಿಗೆ ಈ ನಾಲ್ಕು ತಿಂಗಳು ಬಂದರೆ ನೆಲದ ಮೇಲೆ ಹೆಜ್ಜೆ ಇಡಲೂ ಅಂಜಿಕೆ, ಎಲ್ಲಿ ಯಾವ ಜೀವ ತುಳಿದೇನೋ ಎಂದು. ಹೊತ್ತು ಮುಳುಗುವ ಮೊದಲೇ ಊಟ. ನೀರಿಗೆ ದಪ್ಪ ಅರಿವೆಯನ್ನು ಎರಡು ಪದರ ಮಡಚಿ ಸೋಸುತ್ತಾಳೆ. ಎತ್ತಿ ಹಿಡಿದರೆ ಆಚೆಯ ಬಿಸಿಲು ಕಾಣಬಾರದು, ಅಂಥ ಅರಿವೆ.

ಒಂದು ಮುಂಜಾನೆ ಮೊಮ್ಮಗಳ ಕೋಣೆ ಗುಡಿಸಲು ಹೋದವಳು ಯಂತ್ರದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತೇಬಿಟ್ಟಳು. ಹಿಂದಿನ ಸಂಜೆ ದೀಪಕ್ಕೆ ಬಂದ ರೆಕ್ಕೆಹುಳುಗಳನ್ನು ಫ್ಯಾನು ಒಳಗೆ ಎಳೆದು ಕತ್ತರಿಸಿತ್ತು. ಅವ್ವ ಆ ರೆಕ್ಕೆಗಳನ್ನು ಕಾಗದದ ಮೇಲೆ ಎತ್ತಿಕೊಂಡು ಹೋಗಿ ಬೇಲಿಯ ಬುಡಕ್ಕೆ ಹಾಕಿದಳು. ಬೈಯಲಿಲ್ಲ. ಬಸದಿಗೆ ಹೋಗಿ ಬಂದು, "ಭರತೇಶ, ಆ ಯಂತ್ರ ನಡದ ದಿನಾ ನಾ ಉಪ್ಪು ತಿನ್ನೂದಿಲ್ಲ. ನಿಯಮ ತಗೊಂಡೇನಿ" ಎಂದಳು.

"ಅವ್ವಾ, ಹುಡುಗಿ ಈಗಷ್ಟ ನಗಾಕತ್ತೈತಿ."

"ನಗಲಿ ಬಿಡೋ. ನಾ ಎಲ್ಲಿ ಬ್ಯಾಡ ಅಂದೇನಿ? ಆಕಿ ಆಟಾ ಆಕಿಗೆ, ನನ್ನ ನಿಯಮ ನನಗ."

ಬೈಯುವವರ ಜೊತೆ ಜಗಳವಾಡಬಹುದು. ಸುಮ್ಮನೆ ಸಪ್ಪೆ ಊಟ ಉಣ್ಣುವವರ ಜೊತೆ ಏನು ಮಾಡುವುದು? ನಾನು ಸೊಳ್ಳೆ ಪರದೆಯ ಜಾಲರಿ ತಂದು ಪೆಟ್ಟಿಗೆಗೆ ಬಿಗಿದೆ. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ಸಣ್ಣ ಹುಳ ಸಾಲು ಹಚ್ಚಿ ಹೋಗ್ತಾವ" ಎಂದು ತಿರುಗಿ ಕೊಟ್ಟಳು. ಕೆಲವೇ ದಿನಗಳಲ್ಲಿ ಹಿತ್ತಲಿನಲ್ಲಿ ತಲೆ ತಿರುಗಿ ಕುಸಿದಳು. ಮಿರಜದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಉಪ್ಪಿನ ಅಂಶ ಇಳಿದಿದೆ, ಈ ವಯಸ್ಸಿನಲ್ಲಿ ಉಪ್ಪು ಬಿಟ್ಟರೆ ಜೀವಕ್ಕೇ ಅಪಾಯ ಎಂದರು. ಅವ್ವ ಮನೆಗೆ ಬರುವಾಗ ರಿಕ್ಷಾದಲ್ಲಿ, "ನಾ ನಿಯಮ ಡಾಕ್ಟರ್ ಮುಂದ ತಗೊಂಡಿಲ್ಲ, ದೇವರ ಮುಂದ ತಗೊಂಡೇನಿ" ಎಂದಳು.

ಅನುಜಾ ಅವತ್ತೇ ಯಂತ್ರದ ಪ್ಲಗ್ಗು ಕಿತ್ತಳು. ಅವ್ವನ ತಾಟಿಗೆ ಉಪ್ಪು ಬಂತು. ಮಗಳು ಮಾತ್ರ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ತುಂಬಿದ ತಾಟು ಮತ್ತೆ ಮಾಳಿಗೆಯಿಂದ ಇಳಿಯತೊಡಗಿತು. ಅದನ್ನು ನೋಡಿದ ಅವ್ವ ಬೆಲ್ಲ ಬಿಟ್ಟಳು.

"ಈಗ ಯಾಕ ಅವ್ವಾ?" ನನಗೆ ಅಳು ಬರುವುದೊಂದೇ ಬಾಕಿ.

"ನನ್ನ ಸಲುವಾಗಿ ಹುಡುಗಿ ಮನಸ್ಸು ನೊಂದೈತಿ. ಅದೂ ಹಿಂಸಾನ ಅಲ್ಲೇನೋ?"

ಯಂತ್ರ ನಡೆದರೆ ಉಪ್ಪಿಲ್ಲ, ನಿಂತರೆ ಬೆಲ್ಲವಿಲ್ಲ. ಅತ್ತ ದರಿ, ಇತ್ತ ಪುಲಿ. ಪೇಟೆಯಲ್ಲಿ ಎಂಥೆಂಥ ಮೊಂಡರ ನಡುವೆ ರಾಜಿ ಮಾಡಿಸಿದವನು ನಾನು. ಒಬ್ಬರನ್ನೊಬ್ಬರು ಇಷ್ಟು ಪ್ರೀತಿಸುವ ಇಬ್ಬರ ನಡುವೆ ರಾಜಿ ಮಾಡಿಸಲಾರದೆ ಸೋತೆ. ಅಂಗಡಿಯಲ್ಲಿ ಕುಳಿತರೂ ತಲೆಯಲ್ಲಿ ಅದೇ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಮಾಳಿಗೆಯಿಂದ ಅಜ್ಜಿ ಮೊಮ್ಮಗಳ ಮಾತು ಕೇಳಿತು. ಹತ್ತಿ ಹೋದೆ. ಅನುಜಾ ನೆಲದ ಮೇಲೆ ಕುಳಿತು ಯಂತ್ರದ ಪೆಟ್ಟಿಗೆಗೆ ಹಿಂದೆ ಮುಂದೆ ಅರಿವೆ ಕಟ್ಟುತ್ತಿದ್ದಳು. ಅವ್ವನ ನೀರು ಸೋಸುವ ಹೊಸ ಅರಿವೆ, ಎರಡು ಪದರ. ಅಂಚಿನಲ್ಲಿ ಎಲ್ಲೂ ಸಂದು ಉಳಿಯದಂತೆ ದಾರದಿಂದ ಬಿಗಿದಳು.

"ನೋಡು ಆಜಿ. ಇನ್ನ ಒಂದ ಹುಳಾನೂ ಒಳಗ ಹೋಗೂದಿಲ್ಲ."

ಅವ್ವ ಬೆರಳಾಡಿಸಿ ಸುತ್ತಲೂ ನೋಡಿದಳು. ಅವಳ ಮುಖ ಅರಳಿತು. "ಶಾಣ್ಯಾ ನನ್ನ ಕೂಸು. ನಮಗ ಯಾರಿಗೂ ಹೊಳೀಲಿಲ್ಲ ನೋಡು. ಇನ್ನ ನನ್ನ ನಿಯಮ ಎರಡೂ ಮುಗದ್ವು."

"ಅನು, ಹವಾ..." ಎಂದೆ ನಾನು.

ಅವಳು ನನ್ನ ಕಡೆ ನೋಡಿದಳು. ಎಲ್ಲ ಗೊತ್ತಿದ್ದೇ ಕಟ್ಟುತ್ತಿದ್ದಾಳೆಂದು ಆ ಒಂದು ನೋಟದಲ್ಲಿ ನನಗೆ ತಿಳಿಯಿತು. "ಇರಲಿ ಪಪ್ಪಾ" ಎಂದಳು ಮೆಲ್ಲಗೆ. ನಾನು ಬಾಯಿ ಬಿಟ್ಟರೆ ಅರಿವೆ ಬಿಚ್ಚಬೇಕು, ಬಿಚ್ಚಿದರೆ ಅವ್ವನ ಉಪ್ಪು ಹೋಗಬೇಕು. ಬಾಯಿ ಮುಚ್ಚಿಕೊಂಡೆ.

"ಹಚ್ಚು ಮಗಾ, ನಿನ್ನ ಆಟಾ ನಾನೂ ನೋಡ್ತೇನಿ" ಎಂದು ಅವ್ವ ಚಾಪೆ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು.

ಅನುಜಾ ಆಡತೊಡಗಿದಳು. ಕೆಂಪು ಮೋಟಾರು ಗುಡ್ಡದ ದಾರಿಯಲ್ಲಿ ಓಡಿತು. ಅವ್ವ ಪ್ರತಿ ತಿರುವಿಗೂ "ಸಾವಕಾಶ, ಸಾವಕಾಶ!" ಎಂದು ಮೊಮ್ಮಗಳ ತೋಳು ಹಿಡಿಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನಾನು ಹಿಂದೆ ನಿಂತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಾಗಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಕೈ ಇಡಲಾಗಲಿಲ್ಲ. ಒಳಗಿನ ಫ್ಯಾನುಗಳ ಸದ್ದು ಏರುತ್ತಲೇ ಹೋಯಿತು. ನಿಲ್ಲಿಸು ಎಂದು ಕೂಗಬೇಕೆನಿಸಿತು. ಅವ್ವನ ಬೊಚ್ಚುಬಾಯಿಯ ನಗು ನೋಡಿದೆ, ಕೂಗಲಿಲ್ಲ.

ಪರದೆಯ ಮೇಲೆ ಹಸಿರು, ಗುಲಾಬಿ ಗೆರೆಗಳು ಮೂಡಿದವು. ಮೋಟಾರು ಚೂರುಚೂರಾಗಿ ಕಂಡಿತು. ಆಮೇಲೆ ಎಲ್ಲ ಕಪ್ಪಾಯಿತು. ಫ್ಯಾನುಗಳು ಮಾತ್ರ ಇನ್ನೂ ತಿರುಗುತ್ತಿದ್ದವು.

"ಯಾಕ ನಿಂತ್ತು?" ಎಂದಳು ಅವ್ವ.

ಅನುಜಾ ಸ್ವಿಚ್ಚು ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಇಷ್ಟಽ ಆಜಿ, ಈ ಆಟಾ. ಇಲ್ಲಿಗೆ ಮುಗೀತೈತಿ."

"ಇಷ್ಟಽನ?" ಅವ್ವನಿಗೆ ಆಶ್ಚರ್ಯ. ನನ್ನ ಕಡೆ ತಿರುಗಿದಳು. "ಇಷ್ಟಕ್ಕ ಅಪ್ಪ ಮಗಳು ಕೂಡಿ ಅಷ್ಟ ದಿನಾ ಮಿರಜಿಗೆ ತಿರಗಿದ್ರೇನೋ, ಹುಚ್ಚಪ್ಪಾ?"

"ಹೂಂ ಅವ್ವಾ" ಎಂದೆ.