ಬಾಡಿಗೆ ಕುರ್ಚಿಗಳು

ತಿಕೋಟಾ ರಸ್ತೆಯ ಒಣದ್ರಾಕ್ಷಿ ಕಾರ್ಖಾನೆಗೆ ಮಾನವ ಸಂಪನ್ಮೂಲ ವ್ಯವಸ್ಥಾಪಕಿಯಾಗಿ ಸೇರಿದ ಮೊದಲ ವಾರವೇ ವಿಶಾಖಾಳಿಗೆ ಗೊತ್ತಾಯಿತು, ಅಲ್ಲಿ ಯಾರಿಗೂ ಅಂಥವಳೊಬ್ಬಳು ಬೇಕಿರಲಿಲ್ಲ. ಪರದೇಶದ ಖರೀದಿದಾರರು ಕೇಳಿದ್ದಕ್ಕೆ ಮಾಲೀಕ ಅರುಣಕುಮಾರ ಆಕೆಯನ್ನು ತಂದು ಕೂರಿಸಿದ್ದ. ಎಸಿ ರಿಪೇರಿಯವನನ್ನು ಕರೆಸುವುದು, ಬಂದವರಿಗೆ ಚಹಾ ಹೇಳುವುದು, ಇದೇ ಕೆಲಸ. ಸೂಪರ್‌ವೈಸರ್ ಈರಯ್ಯ ಆಕೆಯನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಹೇಳಿದ್ದನ್ನು ಮಾತ್ರ ಮಾಡುತ್ತಿರಲಿಲ್ಲ.

ಶೆಡ್ಡಿನಲ್ಲಿ ಹೆಂಗಸರು ಮಾಲು ಸಾಗುವ ಬೆಲ್ಟಿನ ಎರಡೂ ಬದಿಗೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ದ್ರಾಕ್ಷಿಯೊಳಗಿನ ಕಸಕಡ್ಡಿ ಹೆಕ್ಕುತ್ತಿದ್ದರು. ವಿಶಾಖಾಳ ಸೋದರತ್ತೆ ಹುಲಿಗೆವ್ವ ಅವರಲ್ಲೊಬ್ಬಳು. ಮಮದಾಪುರದಿಂದ ಬಸ್ಸಿಗೆ ಬರುತ್ತಿದ್ದಳು. ಆಕೆಯ ಕಾಲಿನ ನರಗಳು ಹುರಿ ಹಾಕಿದಂತೆ ಉಬ್ಬಿದ್ದವು.

ವಿಶಾಖಾ ಮಾಲೀಕನೆದುರು ಕುರ್ಚಿಯ ಮಾತೆತ್ತಿದಳು.

‘ಕುಂತ್ರ ನಿದ್ದಿ ಹತ್ತತೈತ್ರಿ ಅವರಿಗೆ. ಖರೀದಿದಾರರ ತಪಾಸಣಿ ಮುಗೀಲಿ, ಆಮ್ಯಾಲ ಮಾತಾಡೂಣು’ ಎಂದ ಅರುಣಕುಮಾರ, ಫೋನಿನಿಂದ ತಲೆಯೆತ್ತದೆ.

ಕೇಳಿದಾಗಲೆಲ್ಲ ಅದೇ ಉತ್ತರ. ಜಲನಗರದ ಮನೆಯಲ್ಲಿ ಗಂಡ ಕುನಾಲ, ‘ಹೊಸಾ ನೌಕರಿ, ಸ್ವಲ್ಪ ಸುಮ್ನಿರು’ ಎಂದ. ಸೋದರತ್ತೆ ಹುಲಿಗೆವ್ವಳಂತೂ ಗದರಿಯೇ ಬಿಟ್ಟಳು: ‘ನಾ ನಿನಗ ಕುರ್ಚಿ ಕೇಳೀನೇನ ಬೇ? ನಿನ್ನ ಸಲುವಾಗಿ ನನ್ನ ಕೆಲಸ ಹೋದೀತು!’

ತಪಾಸಣೆಯ ದಿನ ಬೆಳಿಗ್ಗೆ ವಿಜಯಪುರದಿಂದ ಶಾಮಿಯಾನ ಅಂಗಡಿಯ ಟೆಂಪೋ ಬಂದು ಶೆಡ್ಡಿನ ತುಂಬ ಕೆಂಪು ಪ್ಲಾಸ್ಟಿಕ್ ಕುರ್ಚಿ ಇಳಿಸಿತು. ಮದುವೆ ಊಟಕ್ಕೆ ಹಾಕುವ ಕುರ್ಚಿಗಳು. ಬೆಲ್ಟು ಎತ್ತರ, ಕುರ್ಚಿ ತಗ್ಗು. ಕೂತವರ ಗದ್ದ ಬೆಲ್ಟಿಗೆ ತಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಭುಜ ಸೋತು ಎಲ್ಲರೂ ಎದ್ದು ನಿಂತರು.

‘ಕುರ್ಚಿ ಬಿಟ್ಟು ಯಾಕ ನಿಂತೀರಿ?’ ಬೆಳಗಾವಿಯಿಂದ ಬಂದ ತಪಾಸಣಾಧಿಕಾರಿ, ಮುನೀರಾಳನ್ನು ಕೇಳಿದಳು. ಬೆಲ್ಟಿನ ಹೆಂಗಸರಿಗೆ ಮುನೀರಾ ಮುಂದಾಳಿನಂಥವಳು.

ಮುನೀರಾ ಈರಯ್ಯನ ಮುಖ ನೋಡಿದಳು. ‘ನಿಂತ್ರ ಛಲೋ ಅನಸತೈತ್ರಿ.’

ಈರಯ್ಯ ಹಲ್ಲು ಬಿಟ್ಟ. ವಿಶಾಖಾಳಿಗೆ ಮೈಯೆಲ್ಲ ಉರಿಯಿತು. ಮಾಲೀಕನಿಗಿಂತ ಹೆಚ್ಚು ಆ ಹೆಂಗಸರ ಮೇಲೆಯೇ ಸಿಟ್ಟು ಬಂತು. ಅಷ್ಟರಲ್ಲಿ ಅಧಿಕಾರಿ ಆಕೆಯತ್ತ ತಿರುಗಿದಳು.

‘ಇವು ದಿನಾಲೂ ಇಲ್ಲೇ ಇರ್ತಾವೇನ್ರಿ?’

‘ಇಲ್ರಿ. ಇವತ್ತ ಮುಂಜಾನಿ ಬಂದಾವ. ಸಂಜೀಕ ಹೋಗ್ತಾವ.’

ಅರುಣಕುಮಾರನ ಮುಖ ಕಪ್ಪಿಟ್ಟಿತು. ಅಧಿಕಾರಿಯ ಕಾರು ಗೇಟು ದಾಟಿದ್ದೇ ತಡ, ‘ನಿಮಗ ನೌಕರಿ ಕೊಟ್ಟಾವ್ರು ಯಾರ್ರಿ? ನಾನೋ, ಆಕಿಯೋ?’ ಎಂದು ಎಲ್ಲರೆದುರು ಕೂಗಾಡಿದ. ಆದರೆ ತೆಗೆದುಹಾಕುವಂತಿರಲಿಲ್ಲ. ಮತ್ತೆ ಬಂದು ವಿಶಾಖಾಳನ್ನೇ ಭೇಟಿಯಾಗುವೆನೆಂದು ಅಧಿಕಾರಿ ಹೇಳಿ ಹೋಗಿದ್ದಳು. ಅಂದಿನಿಂದ ಮಾಲೀಕ ವಿಶಾಖಾಳೊಡನೆ ಮಾತು ಬಿಟ್ಟ. ಏನಿದ್ದರೂ ಈರಯ್ಯನ ಬಾಯಿಂದಲೇ ಬರುತ್ತಿತ್ತು.

ಹಾಗೆಯೇ ಒಂದು ದಿನ, ಅಧಿಕಾರಿ ಮತ್ತೆ ಬರುವುದರೊಳಗೆ ಎತ್ತರದ ಸ್ಟೂಲು ಮಾಡಿಸಬೇಕೆಂದು ಅಪ್ಪಣೆ ಬಂತು. ವಿಶಾಖಾ ತಾನೇ ಟೇಪು ಹಿಡಿದು ಬೆಲ್ಟಿನ ಎತ್ತರ ಅಳೆದು, ಬಬಲೇಶ್ವರದ ವೆಲ್ಡಿಂಗ್ ಅಂಗಡಿಗೆ ಹೋಗಿ ಹೇಳಿಬಂದಳು. ಸ್ಟೂಲುಗಳು ಬಂದಾಗ ನೋಡಿದರೆ ಅರ್ಧ ಜನಕ್ಕೂ ಸಾಲದಷ್ಟು. ಉಳಿದವು ಬೇಡವೆಂದು ಮಾಲೀಕ ಆಕೆಗೆ ತಿಳಿಸದೆ ಅಂಗಡಿಯವನಿಗೆ ಹೇಳಿದ್ದ.

ಶೆಡ್ಡಿನಲ್ಲಿ ಜಗಳ ಶುರುವಾಯಿತು. ಎಲ್ಲರಿಗಿಂತ ಮೊದಲು ಹೋಗಿ ಕೂತವಳು ಹುಲಿಗೆವ್ವ.

‘ನಿಮ್ಮತ್ತಿ ಅಂತ ಆಕಿಗೆ ಕೊಟ್ಟೀರೇನ್ರಿ ಮೇಡಂ?’ ಮುನೀರಾ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಪಾಳಿ ಮ್ಯಾಲ ಕುಂದರ್ರಿ. ಅತ್ತಿ, ನೀ ಏಳು. ಈಗ ಮುನೀರಾ ಕುಂದರಲಿ.’

ಹುಲಿಗೆವ್ವ ನಂಬಲಾರದೆ ನೋಡಿದಳು. ‘ನನ್ನ ಎಬ್ಬಸ್ತಿಯೇನ ಬೇ? ಇಷ್ಟು ಮಂದಿ ಮುಂದ?’

‘ಏಳು ಅತ್ತಿ.’

ಅತ್ತೆ ಎದ್ದಳು. ಮುನೀರಾ ಕೂತು ಕೆಲಸ ಹಿಡಿದಳು. ಥ್ಯಾಂಕ್ಸ್ ಎನ್ನುವ ಗೊಡವೆಗೆ ಹೋಗಲಿಲ್ಲ. ಹುಲಿಗೆವ್ವ ಬೆಲ್ಟಿನ ಆಚೆ ತುದಿಗೆ ಹೋಗಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ನಿಂತಳು. ವಿಶಾಖಾ ಹತ್ತಿರ ಹೋಗಿ, ‘ಅತ್ತಿ, ಮುಂದಿನ ಪಾಳಿ ನಿಂದ’ ಎಂದಳು.

ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಡಬ್ಬಿಗೆ ಎಸೆದು, ಮುಖ ಆ ಕಡೆ ತಿರುಗಿಸಿದಳು.