ಬಿಟ್ಟುಹೋದ ಮೈನಸ್

ಬೆರಳ ಸಂದಿಯ ಸೀಮೆಸುಣ್ಣ ಹೋಗುತ್ತಿಲ್ಲ, ಸ್ಟಾಫ್ ರೂಮಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಗಣಿತದ ಮೇಷ್ಟ್ರು ಕೈ ಉಜ್ಜುತ್ತ ನಿಂತೇ ಇದ್ದಾರೆ, 2x + 3y = 6, ವೈ ಒಂದನ್ನೇ ಈಚೆ ಉಳಿಸಬೇಕು, ಎಕ್ಸ್ ಆಚೆ ಹೋಗುವಾಗ — ಆಚೆ ಹೋಗುವಾಗ ಮೈನಸ್ ಆಗುತ್ತದಲ್ಲ, ಗೆರೆಯ ಇಳಿಜಾರು ಮೈನಸ್ ಎರಡು ಬೈ ಮೂರು, ಬೋರ್ಡಿನ ಮೇಲೆ ತಾನು ಬರೆದದ್ದು ಬರೀ ಎರಡು ಬೈ ಮೂರು, ಇನ್ನೊಂದು ಗೆರೆಯದು ಮೂರು ಬೈ ಎರಡು, ಇಳಿಜಾರು ಎರಡೂ ಒಂದೇ ಆದರೆ ಸಮಾಂತರ, ಗುಣಿಸಿ ಮೈನಸ್ ಒಂದು ಬಂದರೆ ಲಂಬ, ತನಗೆ ಬಂದದ್ದು ಪ್ಲಸ್ ಒಂದು, ಅದೂ ಅಲ್ಲ ಇದೂ ಅಲ್ಲ ಎಂದು ಅಡಿಗೆರೆ ಎಳೆದು ಕೈ ಝಾಡಿಸಿದ್ದರು, ಇಪ್ಪತ್ತಾರು ವರ್ಷದ ಸರ್ವೀಸು — ಆಗಲೇ ಟೇಲರಮ್ಮ ಎದ್ದದ್ದು, ಓದು ಅರ್ಧಕ್ಕೆ ಬಿಟ್ಟವರಿಗೆಂದೇ ನಡೆಯುವ ಈ ಭಾನುವಾರದ ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯಳು, ಮಗಳ ಮದುವೆ ಮುಗಿಸಿ ಪರೀಕ್ಷೆ ಕಟ್ಟಿದವಳು, ಮೇಷ್ಟ್ರೇ ಗ್ರಾಫಲ್ಲಿ ಎಳೆದು ನೋಡ್ದೆ, ಮೂಲೆ ಸರಿಯಾಗಿ ಕೂರ್ತಿದೆ, ಲಂಬಾನೇ ಅನ್ಸುತ್ತೆ. ಮತ್ತೆ ತಾನು ಅಂದದ್ದು, ಇದು ಬಟ್ಟೆ ಕತ್ತರಿಸೋ ಲೆಕ್ಕ ಅಲ್ಲ, ಕಣ್ಣಳತೆ ಇಲ್ಲಿ ನಡೆಯಲ್ಲ, ಕೂತ್ಕೋಮ್ಮ. ಕ್ಲಾಸಿಗೆ ಕ್ಲಾಸೇ ನಕ್ಕಿತು, ಅವಳೂ ನಕ್ಕಳು, ನಗುತ್ತಲೇ ಕೂತಳು, ಆ ನಗು ಈಗ ಕಿವಿ ಸುಡುತ್ತಿದೆ, ಮುಂದಿನ ವಾರ ಮೆಲ್ಲಗೆ ತಿದ್ದಿದರಾಯಿತು, ಯಾರಿಗೆ ಗೊತ್ತಾಗುತ್ತದೆ, ಛೆ, ಎಂಥ ಮಾತು, ಕೈ ಒರೆಸದೆ ಮೆಟ್ಟಿಲಿಳಿಯುತ್ತಾರೆ, ಗೇಟಿನ ಹತ್ತಿರ ಎಲ್ಲರೂ ಇನ್ನೂ ಗುಂಪಾಗಿ ನಿಂತಿದ್ದಾರೆ, ಅವಳೊಬ್ಬಳೇ ಸಿಕ್ಕಿದ್ದರೆ ಎಂದು ಮನಸ್ಸು ಹಿಂದೆ ಜಗ್ಗುತ್ತದೆ, ನಗಿಸಿದ್ದು ಎಲ್ಲರ ಮುಂದೆ ತಾನೆ, ಗುಂಪಿನ ನಡುವೆಯೇ ಹೋಗಿ ನಿಲ್ಲುತ್ತಾರೆ, ಟೇಲರಮ್ಮ, ತಪ್ಪು ನಂದು, ಮೈನಸ್ ಬಿಟ್ಟಿದ್ದೆ, ನಿಮ್ಮ ಉತ್ತರಾನೇ ಸರಿ, ನಾನು ಹಾಗೆ ಆಡಿಕೊಳ್ಳಬಾರ್ದಿತ್ತು. ಯಾರೂ ನಗಲಿಲ್ಲ. ಅವಳೇ ಗಾಬರಿಬಿದ್ದಳು, ಅಯ್ಯೋ ಬಿಡಿ ಮೇಷ್ಟ್ರೇ, ನನ್ನ ಕಣ್ಣೇ ಮೋಸ ಮಾಡ್ತು ಅಂದ್ಕೊಂಡು ಆಗಲೇ ಅಳಿಸ್ಬಿಟ್ಟೆ, ನಿಮ್ಮದನ್ನೇ ಬರ್ಕೊಂಡಿದೀನಿ, ನೋಡಿ. ಪುಸ್ತಕ ಬಿಚ್ಚಿ ಹಿಡಿದಳು, ತನ್ನ ತಪ್ಪು ಅವಳ ದುಂಡು ಅಕ್ಷರದಲ್ಲಿ, ಅಡಿಗೆರೆ ಸಮೇತ, ಪಕ್ಕದಲ್ಲಿ ಗ್ರಾಫಿನ ಹಾಳೆ, ಎರಡು ಗೆರೆಗಳ ಗುರುತು ಮಾತ್ರ ಉಳಿದಿದೆ, ಅವು ಸೇರುವ ಕಡೆ ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಗಿದೆ, ಅವಳು ಇನ್ನೂ ಏನೋ ಹೇಳುತ್ತಿದ್ದಾಳೆ, ಸಮಾಧಾನ ಮಾಡುತ್ತಿದ್ದಾಳೆ, ಮೇಷ್ಟ್ರನ್ನೇ, ಅವರಿಗೆ ಕೇಳಿಸುತ್ತಿಲ್ಲ, ಆ ತೂತು, ಕಾಳಿನಷ್ಟು ತೂತು, ಆ ತೂತು —